ಕೆಲಸವಿಲ್ಲದವನ ಹಾಜರಿ

ಭತ್ಯೆ ಕಚೇರಿಯಲ್ಲಿ ಜನ ಕೂರುವ ಕುರ್ಚಿಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದಾರೆ. ಕೆಲಸ ಕಳೆದುಕೊಂಡವರು ಕುರ್ಚಿ ಹೊತ್ತುಕೊಂಡು ಓಡಿಹೋಗುತ್ತಾರೆಂದು ಯಾವನೋ ಜಾಣನಿಗೆ ಹೊಳೆದಿರಬೇಕು. ಎದುರಿನ ಗೋಡೆಯ ಮೇಲೆ ನಗುನಗುತ್ತಾ ಕೈಕುಲುಕುವ ಇಬ್ಬರ ದೊಡ್ಡ ಚಿತ್ರ, ಅದರ ಕೆಳಗೆ ‘ನಿಮ್ಮ ಕಷ್ಟದಲ್ಲಿ ನಿಮ್ಮೊಂದಿಗೆ’. ಅವರಲ್ಲಿ ಒಬ್ಬನಾದರೂ ಇಲ್ಲಿ ಟೋಕನ್ ಹಿಡಿದು ಕೂತಿದ್ದರೆ ಆ ನಗು ಮಧ್ಯಾಹ್ನದವರೆಗೂ ಉಳಿಯುತ್ತಿರಲಿಲ್ಲ.

ನಾನು ಬಣ್ಣದ ಡಬ್ಬಿ ತಯಾರಿಸುವ ಕಾರ್ಖಾನೆಯಲ್ಲಿ ಮುಚ್ಚಳ ಒತ್ತುವ ಯಂತ್ರದ ಮೇಲಿದ್ದವನು. ಬೇಡಿಕೆ ಕುಸಿದಿದೆ ಎಂದು ಮಾಲೀಕ ಅರ್ಧ ಜನರನ್ನು ಮನೆಗೆ ಕಳಿಸಿದ. ಕಳಿಸುವ ದಿನ ಒಂದು ಭಾಷಣವನ್ನೂ ಬಿಗಿದ; ನಾವೆಲ್ಲ ಒಂದೇ ಕುಟುಂಬವಂತೆ. ಕುಟುಂಬದವರು ಮನೆ ಬಿಟ್ಟು ಹೋಗುವಾಗ ಗೇಟಿನಲ್ಲಿ ಅವರ ಚೀಲ ತಡಕಾಡುವುದನ್ನು ನಾನು ಅಂದೇ ಮೊದಲು ನೋಡಿದ್ದು.

ಕೆಲಸ ಹೋದವರಿಗೆ ಸರ್ಕಾರ ಭತ್ಯೆ ಕೊಡುತ್ತದೆ, ಕೊಡುತ್ತದೆ ಎಂದು ಹೇಳುತ್ತದೆ. ನಾನೂ ಅರ್ಜಿ ಹಾಕಿದೆ. ಆಮೇಲೆ ಮೊಬೈಲಿಗೆ ಆಗಾಗ ಒಂದು ಸಂದೇಶ ಬರತೊಡಗಿತು: ‘ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ. ನಿಮ್ಮ ತಾಳ್ಮೆಗೆ ಧನ್ಯವಾದ.’ ನನಗೆ ತಾಳ್ಮೆ ಇದೆ ಎಂದು ಇವರಿಗೆ ಯಾರು ಹೇಳಿದರೋ. ಫೋನ್ ಮಾಡಿದರೆ ಕೊಳಲು ನುಡಿಸುತ್ತಾರೆ, ಕೊಳಲು ನಿಂತ ಮೇಲೆ ಫೋನ್ ಕಟ್ ಮಾಡುತ್ತಾರೆ.

ಈ ತಿಂಗಳೂ ಭತ್ಯೆ ಬರದಿದ್ದರೆ ನಾನು ಭಾವನ ಅಂಗಡಿ ಸೇರಬೇಕಿತ್ತು. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ನಲ್ಲಿ, ಪೈಪು, ಬೇಸಿನ್ ಮಾರುತ್ತಾನೆ. ಇಡೀ ಅಂಗಡಿಯಲ್ಲಿ ಸೋರುವುದು ಅವನ ಬಾಯಿ ಒಂದೇ. ನನ್ನ ಕೆಲಸ ಹೋದ ಸುದ್ದಿ ಕೇಳಿ ಮನೆಗೆ ಬಂದವನು ಕಾಲ ಮೇಲೆ ಕಾಲು ಹಾಕಿಕೊಂಡು ಕೂತ. “ಬಂದ್ಬಿಡಪ್ಪ ನಮ್ಮ ಅಂಗಡಿಗೆ. ಪೈಪ್ ಎತ್ತಿಡೋಕೆ ತಲೆ ಏನೂ ಬೇಕಾಗಲ್ಲ” ಎಂದು ನನ್ನ ಹೆಂಡತಿಯ ಎದುರಿಗೇ ಹೇಳಿದ. ಅವನ ಕೈಕೆಳಗೆ ನಿಲ್ಲುವುದಕ್ಕಿಂತ ಆ ಕಚೇರಿಯ ಕುರ್ಚಿಗಳ ಜೊತೆ ನನ್ನನ್ನೂ ನೆಲಕ್ಕೆ ಬಿಗಿಯಲಿ ಅನ್ನಿಸಿತ್ತು. ಅದಕ್ಕೇ ಚಪ್ಪಲಿ ಸವೆಸುತ್ತಿದ್ದೆ.

ಕೆಳಗಿನ ಕೌಂಟರಿನವನು ಮೇಲೆ ಹೋಗಿ ಅಂದ, ಮೇಲಿನವನು ಕೆಳಗೆ ಹೋಗಿ ಅಂದ. ಕೊನೆಗೆ ಮೂಲೆಯ ಕೌಂಟರಿನಲ್ಲಿ ಒಬ್ಬ ಹೆಂಗಸು ಸಿಕ್ಕಿದಳು. ಕನ್ನಡಕವನ್ನು ನೆತ್ತಿಯ ಮೇಲೆ ಏರಿಸಿಕೊಂಡು ಕಣ್ಣು ಕಿರಿದು ಮಾಡಿ ಓದುತ್ತಿದ್ದಳು. ಆ ಕಚೇರಿಯಲ್ಲಿ ಎಲ್ಲ ಕೆಲಸವೂ ನಡೆಯುವುದು ಹಾಗೆಯೇ.

“ನಿಮ್ಗೆ ಕೆಲಸ ಇದೆಯಲ್ಲ” ಅಂದಳು.

“ಇದ್ದಿದ್ರೆ ಇಲ್ಲಿ ಯಾಕೆ ಮೇಡಂ ಬಂದು ಕೂರ್ತಿದ್ದೆ?”

ಅವಳು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. “ನೋಡಿ, ಗೇಟ್ ಹಾಜರಿ. ದಿನಾ ಹೋಗ್ತಿದೀರ. ಇವತ್ತು ಬೆಳಿಗ್ಗೇನೂ ಹೋಗಿದೀರ.”

ಇವತ್ತು ಬೆಳಿಗ್ಗೆ ನಾನು ಅವಳದೇ ಕಚೇರಿಯ ಮೆಟ್ಟಿಲ ಮೇಲೆ ನಿಂತು, ಯಾವಾಗ ಬಾಗಿಲು ತೆಗೆಯುತ್ತಾರಪ್ಪ ಎಂದು ಕಾಯುತ್ತಿದ್ದೆ. ಹಾಗೆಂದು ಹೇಳಿದೆ.

“ನೀವು ಹೇಳ್ತೀರ. ಸಿಸ್ಟಮ್ ಹಾಗೆ ಹೇಳ್ತಿಲ್ವಲ್ಲ.”

“ಸಂಬಳ ಬರ್ತಿಲ್ಲ ಅಂತಾದ್ರೂ ಹೇಳುತ್ತಾ ನಿಮ್ಮ ಸಿಸ್ಟಮ್ಮು?”

“ಸಂಬಳ ಬೇರೆ ವಿಭಾಗ.”

ಜಗಳ ತೆಗೆಯಲು ಬಾಯಿ ತೆರೆಯುವಷ್ಟರಲ್ಲಿ ಯಾರ ಕೆಲಸ ಇದು ಎಂದು ನನಗೆ ಗೊತ್ತಾಗಿಬಿಟ್ಟಿತ್ತು. ದಪ್ಪಣ್ಣ. ಕಡ್ಡಿಯ ಹಾಗಿರುವುದರಿಂದ ಅವನಿಗೆ ನಾವಿಟ್ಟ ಹೆಸರು ಅದು. ನನ್ನ ಪಕ್ಕದ ಯಂತ್ರದವನು. ಮನೆಗೆ ಕಳಿಸಿದವರ ಪಟ್ಟಿಯಲ್ಲಿ ಅವನಿರಲಿಲ್ಲ.

ನಮ್ಮ ಕಾರ್ಖಾನೆಯಲ್ಲಿ ಹಾಜರಿ ಕಾರ್ಡುಗಳನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಗೇಟಿನ ಒಳಗೆ ಗೋಡೆಗೆ ಹೊಡೆದ ತಗಡಿನ ಗೂಡುಗಳಲ್ಲಿ ಅವು ಇರುತ್ತವೆ; ಮನೆಗೆ ಕಳಿಸಿದವರ ಕಾರ್ಡುಗಳೂ ಅಲ್ಲೇ ಉಳಿದಿದ್ದವು. ಬಂದವರು ತೆಗೆದು ಯಂತ್ರಕ್ಕೆ ತೋರಿಸಿ ವಾಪಸ್ ಇಡಬೇಕು. ಯಾರಾದರೂ ಹುಷಾರಿಲ್ಲದೆ ಮಲಗಿದರೆ ಪಕ್ಕದವನು ಅವನ ಕಾರ್ಡನ್ನೂ ತೋರಿಸುತ್ತಿದ್ದ. ಬಹಳ ದಿನ ಬಳಸದ ಕಾರ್ಡು ಸತ್ತುಹೋಗುತ್ತದೆ, ಸತ್ತರೆ ಮತ್ತೆ ಹೊಸಬನಾಗಿ ಸೇರಬೇಕು, ಹಳೆಯ ಸೇವೆಯೆಲ್ಲ ನೀರಿನಲ್ಲಿ ಹೋಮ ಎಂದು ನಮ್ಮಲ್ಲೊಂದು ನಂಬಿಕೆ. ಯಾರು ಹುಟ್ಟುಹಾಕಿದರೋ ಗೊತ್ತಿಲ್ಲ. ಮೇಸ್ತ್ರಿಯೂ ನಂಬಿದ್ದ.

“ಬೇರೆ ಯಾರಾದ್ರೂ ನಿಮ್ಮ ಕಾರ್ಡ್ ಹಾಕ್ತಿದ್ರೆ ಅವರ ಹೆಸರು ಬರೆದು ಸಹಿ ಮಾಡಿ ಕೊಡಿ. ಈ ವಾರವೇ ಭತ್ಯೆ ಬಿಡುಗಡೆ ಆಗುತ್ತೆ” ಅಂದಳು. “ನೀವೇ ಹೋಗಿ ಹಾಕ್ತಿದ್ರೆ ಅರ್ಜಿ ರದ್ದು. ಈ ವರ್ಷ ಮತ್ತೆ ಹಾಕೋ ಹಾಗಿಲ್ಲ. ಏನೂ ಬರೆದುಕೊಡದಿದ್ರೆ ನಾವೇ ಕಾರ್ಖಾನೆಗೆ ಬರೆದು ಕೇಳ್ತೀವಿ.”

“ಆ ಬೇರೆಯವರಿಗೆ ಏನಾಗುತ್ತೆ?”

“ಅದು ಕಾರ್ಖಾನೆಯವರಿಗೆ ಬಿಟ್ಟಿದ್ದು. ಸುಳ್ಳು ಹಾಜರಿ ಅಂದ್ರೆ ಕೆಲಸದಿಂದ ತೆಗೀತಾರೆ. ಹಾಗೆ ತೆಗೆದವರಿಗೆ ಭತ್ಯೆನೂ ಇಲ್ಲ.”

ದಪ್ಪಣ್ಣನ ಗ್ರಹಚಾರ ಬಿಡಿಸಬೇಕೆಂದೇ ಸಂಜೆ ಕಾರ್ಖಾನೆಯ ಗೇಟಿಗೆ ಹೋದೆ. ಬೆಪ್ಪು ತಕ್ಕಡಿ, ತಲೆಯಲ್ಲಿ ಏನು ತುಂಬಿಕೊಂಡಿದ್ದೀಯ ಎಂದು ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದೆ. ಪಾಳಿ ಬಿಟ್ಟಿತು. ಅವನು ನನ್ನನ್ನು ನೋಡಿದವನೇ ಓಡಿ ಬಂದ. ಅವನ ಹಲ್ಲೆಲ್ಲ ಹೊರಗಿದ್ದವು.

“ನೀನೇನೂ ಯೋಚ್ನೆ ಮಾಡ್ಬೇಡ ಕಣೋ. ನಿನ್ನ ಕಾರ್ಡ್ ಒಂದಿನಾನೂ ತಪ್ಪಿಸಿಲ್ಲ. ಮೊನ್ನೆ ಜ್ವರ ಬಂದು ರಜ ಹಾಕಿದ್ದೆ ನೋಡು, ಆಗ್ಲೂ ಗೇಟಿಗೆ ಬಂದು ನಿಂದು ತೋರಿಸಿ ಹೋದೆ.”

“ಜ್ವರದಲ್ಲಾ?”

“ನಂದು ಬಿಡು, ರಜದ ಚೀಟಿ ಇತ್ತು. ನಿಂದು ಸತ್ತುಹೋದ್ರೆ?”

ಇಂಥವನನ್ನು ಏನೆಂದು ಬೈಯುವುದು? ಬುದ್ಧಿ ಇದ್ದವನಾದರೆ ಬೈಯಬಹುದು. ಅವನ ಮನೆಯಲ್ಲಿ ದುಡಿಯುವವನು ಅವನೊಬ್ಬನೇ, ಹಾಸಿಗೆ ಹಿಡಿದ ತಾಯಿ ಬೇರೆ. ಬೇರೆ ಕಡೆ ಕೆಲಸ ಸಿಗುವ ಹಾಗಿದೆ, ಇನ್ನು ಕಾರ್ಡು ತೋರಿಸಬೇಡ ಎಂದಷ್ಟೇ ಹೇಳಿದೆ. ಅವನ ಮುಖ ಸಪ್ಪಗಾಯಿತು. “ನೋಡ್ಕೊಂಡು ಸೇರು. ಇಲ್ಲಿ ಮತ್ತೆ ಕರೀತಾರೆ ಕಣೋ” ಅಂದ. ಕರೆಯುತ್ತಾರೆ ಎಂದು ನಂಬಿದ್ದವನು ಇಡೀ ಊರಿಗೆ ಅವನೊಬ್ಬನೇ ಇರಬೇಕು.

ಮರುದಿನ ಮೂಲೆಯ ಕೌಂಟರಿಗೆ ಹೋದೆ. ಹಾಳೆ ಕೊಟ್ಟಳು. ‘ಕಾರ್ಡು ನಾನೇ ತೋರಿಸುತ್ತಿದ್ದೆ’ ಎಂದು ಬರೆದು ಸಹಿ ಹಾಕಿದೆ. ಅವಳು ನಂಬುವುದಿಲ್ಲ, ಅಡ್ಡ ಪ್ರಶ್ನೆ ಹಾಕುತ್ತಾಳೆ, ನಿನ್ನೆ ಇಲ್ಲೇ ಇದ್ದೆ ಅಂದಿರಲ್ಲ ಎಂದು ಹಿಡಿದುಕೊಳ್ಳುತ್ತಾಳೆ ಎಂದು ಉತ್ತರಗಳನ್ನು ಸಿದ್ಧಮಾಡಿಕೊಂಡಿದ್ದೆ.

ಅವಳು ಏನೂ ಕೇಳಲಿಲ್ಲ. ಕನ್ನಡಕವನ್ನು ಕೆಳಗಿಳಿಸಿಕೊಂಡು ಓದಿದಳು. “ಸುಮಾರು ಜನ ಹೀಗೇ ಮಾಡ್ತಾರೆ” ಅಂದಳು. “ಬೆಳಿಗ್ಗೆ ಎದ್ದು ಹಳೇ ಗೇಟಿಗೇ ಹೋಗಿ ನಿಲ್ತಾರೆ. ಮನೇಲಿ ಹೇಳಿರಲ್ಲ. ನೀವಾದ್ರೂ ಮನೇಲಿ ಹೇಳಿದೀರಾ?”

ಹಿಂದಿನ ದಿನ ಗದರಿದ ಬಾಯಿ ಅದೇನಾ ಅನ್ನಿಸುವಷ್ಟು ಮೆತ್ತಗೆ ಕೇಳಿದಳು. ನನಗೆ ಮೈಯೆಲ್ಲ ಉರಿಯಿತು. ಅವಳ ಗದರಿಕೆಯನ್ನು ನುಂಗಿಕೊಂಡಿದ್ದೆ, ಈ ಕನಿಕರ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಹೇಳಿದ್ದೀನಿ ಎಂದು ಎದ್ದು ಬಂದೆ.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ.

“ದಪ್ಪಣ್ಣನ ಹೆಸರು ಬರೆದಿದ್ರೆ ಈ ವಾರ ಬಂದ್ಬಿಡ್ತಿತ್ತೇನ್ರೀ?”

“ಬರ್ತಿತ್ತು.”

ಕೈಯಲ್ಲಿದ್ದ ಅಂಗಿಯನ್ನು ಮಡಿಸಿ ಮುಗಿಸಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಅವಳು ಫೋನ್ ತೆಗೆದು ಅಣ್ಣನಿಗೆ ಹಚ್ಚಿದಳು.

“ನಾಳೆಯಿಂದ ಅಂಗಡಿಗೆ ಬರ್ತಾರೆ” ಅಂದಳು. ಆ ಕಡೆಯಿಂದ ಭಾವನ ನಗು ನನಗೂ ಕೇಳಿಸಿತು. ಅವಳು ಆ ನಗು ನಿಂತ ಮೇಲೆ, “ಅಣ್ಣ, ಗಿರಾಕಿಗಳ ಮುಂದೆ ಅವರನ್ನ ಒಂದು ಮಾತು ಅಂದ್ರೂ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಆಮೇಲೆ ನಿನ್ನ ಹೊಸಿಲು ತುಳಿಯಲ್ಲ” ಎಂದು ಫೋನ್ ಇಟ್ಟು, ಮತ್ತೆ ಬಟ್ಟೆಗೆ ಕೈಹಾಕಿದಳು.

ಅಷ್ಟು ದಿನ ಕಂಡಕಂಡವರನ್ನೆಲ್ಲ ಬೈದುಕೊಂಡು ತಿರುಗಿದ ನನಗೆ ಆ ಹೊತ್ತಿನಲ್ಲಿ ಬೈಯಲು ಒಬ್ಬರೂ ಸಿಗಲಿಲ್ಲ.