ಮೊರಾಗ್ ಬೀಟನ್ ಹಾಕಿದ ಸಹಿ

ಮೊರಾಗ್ ಬೀಟನ್ ಪರಿಸರ ಮಂತ್ರಿಯಾದಾಗ ಪಿಟ್ ಹಾರ್ಬರ್ ಊರಿನ ಜನಕ್ಕೆ ಹೆಮ್ಮೆಯಾಯಿತು, ಜೊತೆಗೆ ಪುಕುಪುಕು ಅನ್ನಿಸಿತು. ಕಲ್ಲಿದ್ದಲ ಗಣಿಯಲ್ಲಿ ಎದೆ ಕೆಡಿಸಿಕೊಂಡು ಸತ್ತ ರೋರಿ ಬೀಟನ್‌ನ ಮಗಳು ಅವಳು. ಇಪ್ಪತ್ತೆರಡು ವರ್ಷ ಅದೇ ಊರಿನ ಶಾಲೆಯಲ್ಲಿ ವಿಜ್ಞಾನ ಕಲಿಸಿದಳು. ಆಮೇಲೆ ಪುರಸಭೆ, ಆಮೇಲೆ ಪ್ರಾಂತದ ಶಾಸನಸಭೆ. ಎಲ್ಲಿ ನಿಂತರೂ ಅವಳ ಮಾತು ಒಂದೇ: ಊರಂಚಿನ ಕಲ್ಲಿದ್ದಲ ವಿದ್ಯುತ್ ಸ್ಥಾವರವನ್ನು ಎಂಟು ವರ್ಷದೊಳಗೆ ಮುಚ್ಚಬೇಕು, ಕಡಲ ಗಾಳಿಯಿಂದ ಕರೆಂಟು ತೆಗೆಯಬೇಕು. ಆದರೆ ಅಲ್ಲಿ ದುಡಿಯುವ ಒಬ್ಬೊಬ್ಬರಿಗೂ ಬೇರೆ ಕಸುಬು ಕಲಿಸಿದ ಮೇಲೆಯೇ ಬೀಗ ಹಾಕಬೇಕು. ಮಂತ್ರಿಯಾದ ಕೂಡಲೇ ಹಟ ಹಿಡಿದು ಅದಕ್ಕೊಂದು ಶಾಲೆಯನ್ನೂ ತೆರೆಸಿದಳು. ಮೊದಲು ಹೆಸರು ಬರೆಸಿದವಳು ಅವಳ ತಮ್ಮನ ಮಗಳು ಕ್ಯಾಟ್ರಿಯೋನಾ. ಸ್ಥಾವರದಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ ತಮ್ಮ ಹೆಕ್ಟರ್ ಅಂದಿನಿಂದ ಅಕ್ಕನ ಜೊತೆ ಮಾತು ಬಿಟ್ಟ.

ಜನವರಿಯಲ್ಲಿ ಹಿಮಗಾಳಿ ಬೀಸಿತು. ಆರು ದಿನ ಅರ್ಧ ಪ್ರಾಂತಕ್ಕೆ ಕರೆಂಟಿಲ್ಲ. ಚಳಿಗೆ ಮೂವರು ಮುದುಕರು ತೀರಿಕೊಂಡರು. ಏಳನೆಯ ದಿನ ಪ್ರಾಂತದ ಮುಖ್ಯಸ್ಥ ಡೂಸೆ ಅವಳನ್ನು ಕರೆಸಿಕೊಂಡ.

"ಸ್ಥಾವರ ಇನ್ನೂ ಹದಿನೈದು ವರ್ಷ ನಡೀಲಿ, ಮೊರಾಗ್. ಪರವಾನಗಿಗೆ ನಿಮ್ಮ ಸಹಿ ಬೇಕು."

"ಕರೆಂಟು ಹೋಗಿದ್ದು ಕಂಬ ಬಿದ್ದು, ಸರ್. ಎಷ್ಟು ಕಲ್ಲಿದ್ದಲು ಸುಟ್ರೂ ಬಿದ್ದ ತಂತೀಲಿ ಕರೆಂಟು ಹರಿಯುತ್ತಾ?"

"ಅದು ನನಗೂ ಗೊತ್ತು. ಆರು ದಿನ ನಡುಗಿದೋರ ಮುಂದೆ ನಿಂತು ಹೇಳೋರು ಯಾರು? ಸೆಪ್ಟೆಂಬರ್‌ನಲ್ಲಿ ಚುನಾವಣೆ ಬೇರೆ."

"ನಾನು ರಾಜೀನಾಮೆ ಕೊಟ್ರೆ?"

"ನಿಮ್ಮ ಜಾಗಕ್ಕೆ ಬಂದೋನು ಅವತ್ತೇ ಸಹಿ ಹಾಕ್ತಾನೆ. ನಿಮ್ಮ ಶಾಲೆಗೂ ಅವನೇ ಬೀಗ ಜಡೀತಾನೆ." ಡೂಸೆ ಗದರಿಸಲಿಲ್ಲ. ಕಾಯಿಲೆಯವರ ಹತ್ತಿರ ಮಾತಾಡುವಂತೆ ಮೆಲ್ಲಗೆ ಹೇಳಿದ. "ಶಾಲೆ ಆದ್ರೂ ಉಳಿಸ್ಕೊಳ್ಳಿ."

ಉಳಿದರೆ ಅಷ್ಟಾದರೂ ಉಳಿಯಲಿ ಎಂದುಕೊಂಡು ಮೊರಾಗ್ ಸಹಿ ಹಾಕಿದಳು.

ಭಾನುವಾರ ಮಧ್ಯಾಹ್ನ, ಊರವರು ಸಭೆಗೂ ಊಟಕ್ಕೂ ಸೇರುವ ಪಿಟ್ ಹಾರ್ಬರ್‌ನ ಅಗ್ನಿಶಾಮಕ ಠಾಣೆಯಲ್ಲಿ ಆ ಆದೇಶವನ್ನು ಅವಳೇ ಓದಬೇಕಾಯಿತು. ಓದಿ ಮುಗಿಸುವಷ್ಟರಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷದಲ್ಲಿ ಅವಳಿಗೆ ಹೀಗೆ ಯಾರೂ ತಟ್ಟಿರಲಿಲ್ಲ. ಹೆಕ್ಟರ್ ಜನರನ್ನು ಸರಿಸಿಕೊಂಡು ಬಂದು ಅವಳನ್ನು ತಬ್ಬಿಕೊಂಡ.

"ಅಂತೂ ನಮ್ಮೋಳಾದೆ ಕಣಕ್ಕ!"

"ಯಾವತ್ತು ನಿಮ್ಮೋಳಾಗಿರ್ಲಿಲ್ಲ ನಾನು?"

"ಹಳೇದೆಲ್ಲ ಬಿಡು. ಸಿಹಿಸುದ್ದಿ ಕೇಳು. ನಮ್ಮ ಹುಡುಗೀಗೂ ಸ್ಥಾವರದಲ್ಲೇ ಕೆಲಸ ಆಯ್ತು. ನಾಳೆಯಿಂದ ನನ್ನ ಜೊತೇನೇ ಬರ್ತಾಳೆ."

ಮೊರಾಗ್ ತಿರುಗಿ ನೋಡಿದಳು. ಕ್ಯಾಟ್ರಿಯೋನಾ ಮೀನಿನ ಸೂಪಿನ ಬಟ್ಟಲು ಹಿಡಿದು ನಿಂತಿದ್ದಳು.

"ಶಾಲೆ ಮುಗಿಯೋಕೆ ನಾಲ್ಕೇ ತಿಂಗಳು ಉಳಿದಿತ್ತಲ್ಲೇ ನಿಂದು?"

"ನೀವೇ ಹದಿನೈದು ವರ್ಷ ಅಂದ್ರಲ್ಲ, ಅತ್ತೆ. ಇಲ್ಲೇ ಕೆಲಸ ಇರೋವಾಗ ಗಾಳಿಯಂತ್ರ ಹತ್ತೋಕೆ ಯಾಕೆ ಹೋಗ್ಲಿ?"

ಹುಡುಗಿಯ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

ಆ ವಾರವೇ ಶಾಲೆಯಿಂದ ಹದಿನೆಂಟು ಮಂದಿ ಬಿಟ್ಟುಹೋದರು. ಏಪ್ರಿಲ್ ಹೊತ್ತಿಗೆ ಉಳಿದವರು ಐದೇ ಜನ. ಅದಕ್ಕೆ ಬೀಗ ಜಡಿಯಲು ಬೇರೆ ಮಂತ್ರಿ ಬರಬೇಕಾಗಲಿಲ್ಲ. ಆ ಕಾಗದವೂ ಅವಳ ಮೇಜಿಗೇ ಬಂತು.

ಸೆಪ್ಟೆಂಬರ್‌ನಲ್ಲಿ ಮೊರಾಗ್ ಹಿಂದೆಂದೂ ಕಾಣದಷ್ಟು ಮತಗಳಿಂದ ಗೆದ್ದಳು. ಸ್ಥಾವರದ ಸುತ್ತಲಿನ ಕೇರಿಗಳು ಸಾರಾಸಗಟಾಗಿ ಅವಳ ಪಾಲಾಗಿದ್ದವು. ಈ ಖಾತೆ ಇನ್ನು ಬೇಡ ಎಂದು ಹೇಳಲು ಹೋದಾಗ ಡೂಸೆ ನಕ್ಕುಬಿಟ್ಟ.

"ಊರಿಗೆ ಊರೇ ನಿಮ್ಮನ್ನ ಕೇಳ್ತಿದೆ. ಬೇರೆ ಯಾರಿಗೆ ಕೊಡ್ಲಿ ಹೇಳಿ?"

ಪ್ರಮಾಣವಚನದ ದಿನ ಪಿಟ್ ಹಾರ್ಬರ್‌ನಿಂದ ಎರಡು ಬಸ್ಸು ಜನ ಬಂದಿದ್ದರು. ಮುಂದಿನ ಸಾಲಿನಲ್ಲಿ ಹೆಕ್ಟರ್ ಕಣ್ಣೊರೆಸಿಕೊಳ್ಳುತ್ತಿದ್ದ. ಮೊರಾಗ್ ಬಲಗೈ ಎತ್ತಿ, ಮುಂದಿದ್ದ ಕಾಗದದಲ್ಲಿ ಬರೆದಿದ್ದನ್ನು ತಪ್ಪಿಲ್ಲದೆ ಓದಿದಳು.