ಬೆಣ್ಣೆ ಎಂದು ಹೇಳಿಕೊಟ್ಟವಳು ನಾನೇ

ಹೊಸ ಇಂಗ್ಲಿಷ್ ಟೀಚರ್ ಮೊದಲ ದಿನವೇ ನಮ್ಮ ಮಾತನ್ನು ಹೊಗಳಿದರು. ನನಗೆ ಅನುಮಾನ ಶುರುವಾದದ್ದು ಆಗಲೇ.

ನಾನು ಓದು ಬರಹ ಕಲಿತದ್ದು ಸೊಂಟ ನೋಯುವ ವಯಸ್ಸಿನಲ್ಲಿ, ರಾತ್ರಿ ಶಾಲೆಯಲ್ಲಿ. ಅಲ್ಲಿ ಪಾಠ ಹೇಳಿದವರೆಲ್ಲ, ಚಪ್ಪಲಿಯ ಜೊತೆ ನಿಮ್ಮ ಮಾತನ್ನೂ ಬಾಗಿಲಾಚೆ ಬಿಟ್ಟು ಬನ್ನಿ ಎನ್ನುತ್ತಿದ್ದರು. ಈಕೆ ನೋಡಿದರೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ, ನಾವು ಚಹಾ ಕುಡಿಯುವ ಬೆಂಚಿಗೇ ಬಂದು ಕುಳಿತು, "ನೀವು ನಿಮ್ಮನಿಮ್ಮೊಳಗೆ ಹೇಗೆ ಮಾತಾಡ್ತೀರೋ ಹಾಗೇ ಹೇಳಿ, ಬರ್ಕೋತೀನಿ" ಎಂದರು. ನೋಟುಬುಕ್ಕಿನ ಹಾಳೆಯ ನಡುವೆ ಒಂದು ಗೆರೆ. ಎಡಗಡೆ ನಮ್ಮ ಮಾತು, ಬಲಗಡೆ ಆಫೀಸಿನಲ್ಲಿ ಆಡಬೇಕಾದ ಇಂಗ್ಲಿಷು.

"ಇದು ತಪ್ಪು, ಅದು ಸರಿ ಅಂತ ನಾನು ಹೇಳಲ್ಲ ಅಮ್ಮ. ಇದೂ ಇರಲಿ, ಅದೂ ಬರಲಿ. ಎಲ್ಲಿ ಯಾವುದು ಅಂತ ಗೊತ್ತಿದ್ರೆ ಸಾಕು."

"ಎಷ್ಟು ಒಳ್ಳೆಯೋರು!" ಎಂದಳು ನನ್ನ ಸೊಸೆ.

"ಒಳ್ಳೆಯೋರಿಗೆ ಸಂಬಳ ಯಾರು ಕೊಡ್ತಿದಾರೆ ಅಂತ ಕೇಳಿದ್ಯಾ?" ಎಂದೆ.

ಕೊಡುತ್ತಿದ್ದದ್ದು ಮ್ಯಾನೇಜರು. ಅದೇ ಮ್ಯಾನೇಜರು ಎರಡು ವರ್ಷದ ಹಿಂದೆ ಒಬ್ಬನ ಕೈಗೆ ಗಡಿಯಾರ ಕೊಟ್ಟು ನಮ್ಮ ಪಕ್ಕ ನಿಲ್ಲಿಸಿದ್ದರು. ಒಂದು ಮೂಟೆ ಬಟ್ಟೆಗೆ ನಮಗೆಷ್ಟು ಹೊತ್ತು ಬೇಕೆಂದು ಅವನು ನಗುನಗುತ್ತಲೇ ಬರೆದುಕೊಂಡು ಹೋದ. ಮುಂದಿನ ತಿಂಗಳು ಎಂಟು ಜನ ಇದ್ದ ಮೇಜಿನಲ್ಲಿ ಐದು ಜನ ಉಳಿದೆವು. ಈಗ ಸೊಸೆಯದು ಇಲ್ಲೇ ಇಸ್ತ್ರಿ ಕಡೆ ಮೂರು ತಿಂಗಳ ತಾತ್ಕಾಲಿಕ ಕೆಲಸ. ಅವಳನ್ನು ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂಬುದನ್ನು ಈ ತಿಂಗಳ ಕೊನೆಗೆ ಹೇಳಬೇಕಾದವರೂ ಅವರೇ. ಮಗ ಕೆಲಸ ಕಳೆದುಕೊಂಡು ಕೂತು ಆರು ತಿಂಗಳಾಗಿತ್ತು. ಸೊಸೆಯ ಕೆಲಸ ಉಳಿಯಲೇಬೇಕಿತ್ತು.

ನಮ್ಮ ಮೇಜಿನ ಕೆಲಸ ವಾರ್ಡುಗಳಿಂದ ಬರುವ ಕೊಳೆ ಬಟ್ಟೆಯನ್ನು ವಿಂಗಡಿಸುವುದು. ಅದರೊಳಗೆ ಯಾರೋ ಮರೆತ ಇಂಜೆಕ್ಷನ್ ಸೂಜಿ ಬಂದುಬಿಡುವುದುಂಟು. ಮೇಜಿನ ಸುತ್ತ ಮೂರು ಮನೆಮಾತಿನವರು. ಮೊದಲೆಲ್ಲ ಒಬ್ಬೊಬ್ಬಳು ತನ್ನ ಮಾತಿನಲ್ಲಿ ಕೂಗಿ, ಉಳಿದವರು "ಏನಂದೆ?" ಎನ್ನುವಷ್ಟರಲ್ಲಿ ಚುಚ್ಚಿಸಿಕೊಂಡಾಗಿರುತ್ತಿತ್ತು. ಒಮ್ಮೆ ಒಬ್ಬಳು ಸೂಜಿ ತಾಗಿದ್ದನ್ನು ಇರುವೆ ಕಚ್ಚಿತೆಂದುಕೊಂಡು "ಇರುವೆ!" ಎಂದು ಕಿರುಚಿದಳು. ಅಂದಿನಿಂದ ಅದೇ ನಮ್ಮೆಲ್ಲರ ಪದ. ಯಾರ ಬಾಯಿಂದ ಬಂದರೂ ಸರಿ, ಅದು ಕಿವಿಗೆ ಬಿದ್ದರೆ ಎಲ್ಲರ ಕೈಗಳೂ ಒಟ್ಟಿಗೆ ಮೇಲೇಳುತ್ತಿದ್ದವು. ಸೂಪರ್‌ವೈಸರಿಗೂ ಗೊತ್ತಿಲ್ಲದ ಪದ ಅದು.

ಟೀಚರ್ ಅದನ್ನೇ ಕೇಳಿದರು. "ಬಟ್ಟೇಲಿ ಸೂಜಿ ಸಿಕ್ಕಿದ್ರೆ ಏನಂತ ಕೂಗ್ತೀರ ಅಮ್ಮ?"

ಉಳಿದವರು ಲೋಟ ತೊಳೆಯಲು ಹೋಗಿದ್ದರು. ನಮ್ಮದು ಅಂತ ಇರೋದು ಅದೊಂದು ಪದ, ಅದನ್ನೂ ಮ್ಯಾನೇಜರ ಗಾಜಿನ ಕೋಣೆಗೆ ಒಪ್ಪಿಸಬೇಕೇ ಎಂದುಕೊಂಡು, ಬಾಯಿಗೆ ಬಂದದ್ದನ್ನು ಹೇಳಿದೆ.

"ಬೆಣ್ಣೆ."

"ಬೆಣ್ಣೆನಾ? ಯಾಕೆ?"

"ಕೈ ಜಾರಿಸ್ಕೋಬೇಕಲ್ಲ, ಅದಕ್ಕೆ."

ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ಬರೆದುಕೊಂಡರು. ಅದೇ ಸಂಜೆ ನೋಟುಬುಕ್ಕು ಹಿಡಿದು ಗಾಜಿನ ಕೋಣೆಗೆ ಹೋದದ್ದನ್ನು ಕಂಡೆ. ಒಳಗೆ ಅವರೂ ಮ್ಯಾನೇಜರೂ ನಕ್ಕರು. ನೋಡಿದೆಯಾ, ನಾನಂದುಕೊಂಡದ್ದೇ ಸರಿ ಎನಿಸಿತು.

ವಾರದೊಳಗೆ ಆ ಪಟ್ಟಿ ಅಚ್ಚಾಗಿ, ಹೊಸಬರಿಗೆ ಅನುಕೂಲವಾಗಲೆಂದು ಬಾಗಿಲ ಪಕ್ಕದ ಗೋಡೆಗೇರಿತು. ನಮ್ಮ ಮೇಜಿನಲ್ಲಿ ಓದು ಬರುವವಳು ನಾನೊಬ್ಬಳೇ. ಆರನೆಯ ಸಾಲಿನಲ್ಲಿ ಎಡಗಡೆ "ಬೆಣ್ಣೆ", ಬಲಗಡೆ "ಸ್ಟಾಪ್, ನೀಡಲ್". ದಿನಾ ಅದನ್ನು ದಾಟಿ ಹೋಗುವಾಗ ಒಳಗೊಳಗೇ ಬೀಗುತ್ತಿದ್ದೆ. ಸೊಸೆ ಇಸ್ತ್ರಿ ಕಡೆ ಇದ್ದವಳು, ಅವಳಿಗೆ ಸೂಜಿಯ ಸುದ್ದಿ ಯಾಕೆಂದು ಏನೂ ಹೇಳಲಿಲ್ಲ. ಅವಳು ಆ ಪಟ್ಟಿಯನ್ನು ಮೇಲಿಂದ ಕೆಳಗೆ ಬಾಯಿಪಾಠ ಮಾಡಿದ್ದಳು ಎಂಬುದು ನನಗೆ ತಿಳಿದಿರಲಿಲ್ಲ.

ತಿಂಗಳು ಮುಗಿಯಲು ಮೂರು ದಿನ ಇರುವಾಗ ನಮ್ಮ ಮೇಜಿನ ಒಬ್ಬಳು ರಜೆ ಹಾಕಿದಳು. ಸೂಪರ್‌ವೈಸರು ಸೊಸೆಯನ್ನು ತಂದು ನನ್ನೆದುರಿಗೆ ನಿಲ್ಲಿಸಿದರು.

"ಅತ್ತೆ ಸೊಸೆ ಇಬ್ರೂ ಒಂದೇ ಮೇಜಿಗಾ? ಮಧ್ಯೆ ನಾನು ನಿಂತ್ಕೋತೀನಪ್ಪ, ಬೆಂಕಿ ಆರಿಸೋಕೆ" ಎಂದಳು ಉದ್ದಕ್ಕ. ಅವಳು ನಮಗಿಂತ ಒಂದು ಗೇಣು ಎತ್ತರ, ಅದಕ್ಕೇ ಆ ಹೆಸರು.

ಎರಡನೆಯ ಮೂಟೆ ಬಿಚ್ಚಿದ್ದೆವು. ಸೊಸೆ ಒಂದು ಬೆಡ್‌ಶೀಟಿನ ಮಡಿಕೆ ತೆರೆದವಳೇ ಕೈ ಹಿಂದಕ್ಕೆಳೆದುಕೊಂಡು ಕೂಗಿದಳು: "ಬೆಣ್ಣೆ! ಬೆಣ್ಣೆ!"

"ತಿನ್ನೋಕೆ ಇನ್ನೂ ಹೊತ್ತಿದೆ ಕಣೇ, ಕೆಲಸ ನೋಡು" ಎಂದು ನಗುತ್ತಾ ಉದ್ದಕ್ಕ ಅದೇ ಬೆಡ್‌ಶೀಟಿಗೆ ಕೈ ಹಾಕಿದಳು.

ಸೊಸೆಯನ್ನು ಬಿಟ್ಟರೆ ಆ ಕೂಗು ಅರ್ಥವಾದದ್ದು ನನಗೊಬ್ಬಳಿಗೇ. "ಇರುವೆ!" ಎಂದೆ. ಒಂದು ಉಸಿರಿನಷ್ಟು ತಡವಾಗಿತ್ತು.

ಸೂಜಿ ಉದ್ದಕ್ಕನ ಕೈಗವಸನ್ನು ಸೀಳಿತ್ತು. ನಲ್ಲಿಯ ಬಳಿಗೆ ಓಡಿಸಿ ಕೈ ತೊಳೆಸಿದೆವು. ನರ್ಸು ಬೆರಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಚರ್ಮಕ್ಕೆ ತಾಗಿಲ್ಲ, ಬದುಕಿಕೊಂಡಿರಿ ಎಂದರು. ಅಷ್ಟರಲ್ಲಿ ಗಾಜಿನ ಕೋಣೆಯಿಂದ ನಮಗೆಲ್ಲ ಕರೆ ಬಂತು. ಸೂಪರ್‌ವೈಸರು, ಟೀಚರು ಮೊದಲೇ ಅಲ್ಲಿದ್ದರು. ಮ್ಯಾನೇಜರಿಗೆ ಇಂಗ್ಲಿಷ್ ಬಿಟ್ಟರೆ ನಮ್ಮ ಯಾವ ಮಾತೂ ಬಾರದು. ಹೊಸಬಳು ಎಚ್ಚರಿಕೆಯನ್ನೇ ಕೊಡಲಿಲ್ಲವಂತೆ, ಇಂಥವಳನ್ನು ಕಾಯಂ ಮಾಡುವುದು ಹೇಗೆ ಎಂದು ಅವರು ಹೇಳಿದ್ದು ನನಗೆ ಅರ್ಥವಾಯಿತು.

"ಕೂಗಿದೆ ಅತ್ತೆ, ಗೋಡೆ ಮೇಲೆ ಬರ್ದಿರೋದನ್ನೇ ಕೂಗಿದೆ" ಎಂದು ಸೊಸೆ ನನ್ನ ತೋಳು ಹಿಡಿದಳು.

ಪಟ್ಟಿಯ ಬಲಗಡೆಯ ಸಾಲುಗಳಲ್ಲಿ ಕಲಿತದ್ದನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡು ಬಾಯಿ ಬಿಟ್ಟೆ. "ಸರ್, ಶಿ ಶೌಟೆಡ್. ದಿ ಮಿಸ್ಟೇಕ್ ಈಸ್ ಮೈನ್."

"ವೈ?" ಎಂದರು.

ಅದಕ್ಕೆ ಉತ್ತರ ಕೊಡುವಷ್ಟು ಇಂಗ್ಲಿಷ್ ನನ್ನಲ್ಲಿರಲಿಲ್ಲ. ಟೀಚರ ಕಡೆ ತಿರುಗಿ ನಮ್ಮ ಮಾತಿನಲ್ಲೇ ಹೇಳಿದೆ. "ಗಡಿಯಾರದವನು ಬಂದು ಬರ್ಕೊಂಡು ಹೋದ್ಮೇಲೆ ನಮ್ಮಲ್ಲಿ ಮೂರು ಜನ ಹೋದ್ರು. ಬರ್ಕೊಳ್ಳೋರನ್ನ ಕಂಡ್ರೆ ನಮಗೆ ಭಯ. ನೀವೂ ಇವರ ಕಡೆಯೋರು ಅಂದ್ಕೊಂಡು ಸುಳ್ಳು ಪದ ಕೊಟ್ಟೆ. ಇದರಲ್ಲಿ ಒಂದನ್ನೂ ಬಿಡದೆ ಹೇಳಿ ಟೀಚರ್."

ಅವರು ಇಂಗ್ಲಿಷಿನಲ್ಲಿ ಹೇಳತೊಡಗಿದರು. ನಾನು ಕಿವಿ ನೆಟ್ಟಗೆ ಮಾಡಿಕೊಂಡು ನಿಂತೆ. 'ಕ್ಲಾಕ್' ಬಂತು. 'ತ್ರೀ' ಬಂತು. 'ಅಫ್ರೇಡ್' ಕೂಡ ಬಂತು. 'ಯುವರ್ ಸೈಡ್' ಎನ್ನುವಾಗ ಅವರ ಮುಖ ಕೆಂಪಾಯಿತು, ಆದರೂ ನುಂಗಲಿಲ್ಲ.

ಮ್ಯಾನೇಜರು ಪೆನ್ನು ಎತ್ತಿಕೊಂಡು, ಹೊಸಬಳು ಎಚ್ಚರಿಕೆ ಕೊಟ್ಟಿದ್ದಾಳೆ ಎಂದು ಬರೆದುಕೊಂಡರು. ಅವಳ ಕೆಲಸ ಉಳಿಯಿತು. ನನ್ನನ್ನು ಮಾರನೆಯ ದಿನದಿಂದ ಇಸ್ತ್ರಿ ಕಡೆಗೆ ಹಾಕಿದರು. ಅದು ನ್ಯಾಯವೇ.

ಹೊರಗೆ ಬಂದ ಮೇಲೆ ಟೀಚರ್ ನೋಟುಬುಕ್ಕು ತೆರೆದು ತೋರಿಸಿದರು. "ಬೆಣ್ಣೆ"ಯ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಗುರುತಿತ್ತು.

"ನನಗೆ ಅವತ್ತೇ ಅನುಮಾನ ಬಂತು ಅಮ್ಮ. ಇನ್ನೊಂದ್ಸಲ ಕೇಳಿದ್ರೆ ಎಲ್ಲಿ ಬೇಜಾರು ಮಾಡ್ಕೋತೀರೋ ಅಂತ ಸುಮ್ಮನಾದೆ. ಅಚ್ಚಿಗೆ ಕೊಡಬಾರದಿತ್ತು."

"ಮತ್ತೆ ಅವತ್ತು ಗಾಜಿನ ಕೋಣೇಲಿ ನಕ್ಕಿದ್ದು ಯಾಕೆ?"

"ಯಾವತ್ತು?"

ಅವರಿಗೆ ನೆನಪಿರಲಿಲ್ಲ. ಇಲ್ಲವೇ, ನೆನಪಿಲ್ಲ ಎಂದರು.

"ಈಗ ನಿಜವಾದ ಪದ ಹೇಳ್ತೀರಾ?"

"ಇರುವೆ" ಎಂದೆ.

ಅವರ ಪೆನ್ಸಿಲು ಹಾಳೆಗೆ ತಾಗಲಿಲ್ಲ. ಉದ್ದಕ್ಕನ ಕಡೆ ತಿರುಗಿ, "ಹೌದಾ ಅಕ್ಕ?" ಎಂದರು. ಉದ್ದಕ್ಕ ಬೆರಳು ಸವರಿಕೊಳ್ಳುತ್ತಾ, "ಅದೇ" ಎಂದಳು. ಆಚೆ ನಿಂತಿದ್ದ ಇನ್ನೊಬ್ಬಳನ್ನೂ ಕೇಳಿದರು. ಆಮೇಲೆ ಬರೆದರು.

ನಾನು ಪಕ್ಕದಲ್ಲೇ ನಿಂತು, ಸರಿಯಾಗಿ ಬರೆದರೋ ಇಲ್ಲವೋ ಎಂದು ಬಗ್ಗಿ ನೋಡಿದೆ.