ನೇರಳೆ ಕೋಣೆಯ ನೀರು

ಇವತ್ತು ಬೆಳಗ್ಗೆಯೂ ನೀಲಿಯೇ ಬಂತು. ಹಸಿರೇ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಬೆರಳುದ್ದದ ಗಾಜಿನ ನಳಿಗೆಯನ್ನು ಮಹಡಿಯ ಕಿಟಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದೆ, ಆಮೇಲೆ ಇನ್ನೊಂದು ಮುಚ್ಚಿ ನೋಡಿದೆ. ಹೇಗೆ ನೋಡಿದರೂ ಅದು ಮಧ್ಯಾಹ್ನದ ಸಮುದ್ರದ ನೀಲಿ. ಯಾರ ಹತ್ತಿರವಾದರೂ ಹೇಳಿಕೊಳ್ಳುವಷ್ಟು ದೊಡ್ಡ ಚಿಂತೆ ಇದಲ್ಲ. ಜನರ ಮುಂದೆ ಮಾತು ನುಂಗಿಕೊಳ್ಳುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ; ಈಗ ಒಂದು ಚಮಚ ನೀರಿನ ಮುಂದೆಯೂ ಹಾಗೇ ಆಗಿಬಿಟ್ಟೆನಲ್ಲ ಎಂಬುದು ಮಾತ್ರ ಒಳಗೊಳಗೇ ಕೊರೆಯುತ್ತಿದೆ.

ಹುಳಿಯೋ ಕ್ಷಾರವೋ ಎಂದು ತೋರಿಸುವ ಬಣ್ಣದ ಹನಿಯನ್ನು ನೀರಿಗೆ ಬಿಟ್ಟಾಗ ಬರಬೇಕಾದದ್ದು ಹಳದಿ, ಹಾಲು ಹಾಕದ ತಿಳಿ ಚಹದಂಥ ಹಳದಿ. ಹಾಗೆ ಬಂದರೆ ನೀರು ತುಸುವೇ ಹುಳಿಯ ಕಡೆ ವಾಲಿದೆ, ಪಿಎಚ್ ಆರರ ಆಸುಪಾಸಿನಲ್ಲಿದೆ ಎಂದರ್ಥ. ನನ್ನ ಗಿಡಗಳಿಗೆ ಒಗ್ಗುವುದು ಅದೇ. ದಿನವೂ ಸಂಜೆ ಹುಳಿದ್ರಾವಣದ ಬಾಟಲಿಯಿಂದ ಹನಿಹನಿಯಾಗಿ ಬಿಟ್ಟು ಹಳದಿಗೆ ತಂದಿಟ್ಟು ಬರುತ್ತೇನೆ. ಬೆಳಗಾಗುವಷ್ಟರಲ್ಲಿ ಅದು ಮತ್ತೆ ಕ್ಷಾರದ ನೀಲಿಗೆ ಏರಿ ಕೂತಿರುತ್ತದೆ. ಹಟಮಾರಿ ಮಗುವನ್ನು ಹೊದಿಸಿ ಮಲಗಿಸಿದಂತೆ. ತಿರುಗಿ ನೋಡಿದರೆ ಹೊದಿಕೆ ನೆಲದ ಮೇಲೆ.

"ರಿತಿಯೆನ್, ಹುಡುಗೀರು ಹೇಗಿದಾರೆ?" ಕೆಳಗಿನಿಂದ ಪಾವ್ಲೀನಾ ಅತ್ತೆ ಕೂಗಿದಳು.

"ಚೆನ್ನಾಗಿದಾರೆ ಅತ್ತೆ."

"ನೀನು ತಿಂಡಿ ತಿಂದ್ಯಾ, ಇಲ್ಲ ಅವರಿಗೆ ಮಾತ್ರ ತಿನ್ನಿಸ್ತಾ ಇದೀಯಾ?"

ಹುಡುಗಿಯರೆಂದರೆ ನಾಲ್ಕು ಗಾಂಜಾ ಗಿಡಗಳು. ಮಾಲ್ಟಾದಲ್ಲಿ ಒಂದು ಮನೆಗೆ ನಾಲ್ಕು ಗಿಡಕ್ಕೆ ಕಾನೂನಿನ ಒಪ್ಪಿಗೆಯಿದೆ. ಬೀದಿಗೆ ಕಾಣಬಾರದು, ಅಕ್ಕಪಕ್ಕದವರ ಮೂಗಿಗೆ ತಟ್ಟಬಾರದು, ಅಷ್ಟೇ. ಮಹಡಿಯ ಮೇಲೆ, ಮುಚ್ಚಿದ ಮರದ ಬಾಲ್ಕನಿಯ ಹಿಂದಿನ ಕೋಣೆಯಲ್ಲಿ ಅವು ಬೆಳೆಯುತ್ತವೆ. ಮಣ್ಣಿಲ್ಲ. ನಾಲ್ಕು ಕಪ್ಪು ಬಕೆಟ್‌ಗಳು. ಮುಚ್ಚಳದ ತೂತಿನಲ್ಲಿ ಜಾಲರಿಯ ಬುಟ್ಟಿ, ಬುಟ್ಟಿಯಲ್ಲಿ ಸುಟ್ಟ ಜೇಡಿಮಣ್ಣಿನ ಉಂಡೆಗಳು, ಅವುಗಳ ನಡುವಿನಿಂದ ಇಳಿದ ಬೇರುಗಳು ಗೊಬ್ಬರ ಬೆರೆಸಿದ ನೀರಿನಲ್ಲಿ ಮುದುಕಿಯ ಕೂದಲಿನಂತೆ ತೇಲುತ್ತವೆ. ಪಂಪು ನೀರಿನೊಳಗೆ ಗುಳ್ಳೆ ಊದುತ್ತಲೇ ಇರುತ್ತದೆ. ದೀಪದ ನೇರಳೆ ಬೆಳಕಿನಲ್ಲಿ ನನ್ನ ಕೈಯೂ ನನ್ನದಲ್ಲ ಅನ್ನಿಸುತ್ತದೆ. ಬಾಗಿಲು ಹಾಕಿಕೊಂಡು ಕೂತರೆ ಹೊರಗೆ ಬೆಳಗೋ ಬೈಗೋ ತಿಳಿಯುವುದಿಲ್ಲ. ಅಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಪದವಿ ಓದಲೆಂದು ಪಕ್ಕದ ಗೋಜೋ ದ್ವೀಪದಿಂದ ಬಂದವಳು, ಓದು ಮುಗಿದ ಮೇಲೂ ಸೋದರತ್ತೆಯ ಮನೆಯಲ್ಲೇ ಉಳಿದುಬಿಟ್ಟದ್ದಕ್ಕೆ ಈ ಕೋಣೆಯೂ ಒಂದು ಕಾರಣ.

ಇನ್ನೊಂದು ಕಾರಣ ಅತ್ತೆಯ ನಿದ್ದೆ. ಅವಳಿಗೆ ಸರ್ಪಸುತ್ತು ಆಗಿತ್ತು. ಗುಳ್ಳೆಗಳೆಲ್ಲ ಒಣಗಿ ಉದುರಿದರೂ ಉರಿ ಹೋಗಲಿಲ್ಲ, ಪಕ್ಕೆಯ ಸುತ್ತ ನರದಲ್ಲೇ ಉಳಿದುಕೊಂಡಿತು. "ಒಳಗೆ ಯಾರೋ ಇಸ್ತ್ರಿಪೆಟ್ಟಿಗೆ ಮರೆತು ಹೋಗಿದಾರೆ ಕಣೇ, ಬಂದು ತಗೊಂಡು ಹೋಗೋಕೆ ಹೇಳು," ಎನ್ನುತ್ತಾಳೆ. ಡಾಕ್ಟರ ಮಾತ್ರೆಗಳು ಅವಳನ್ನು ಹಗಲೆಲ್ಲ ಮಂಕಾಗಿಸಿದವೇ ಹೊರತು ಮಲಗಿಸಲಿಲ್ಲ. ಹೋದ ವರ್ಷ ನಮ್ಮ ಗಿಡಗಳ ಹೂವನ್ನು ಆಲಿವ್ ಎಣ್ಣೆಯಲ್ಲಿ ಇಳಿಸಿ, ಡಾಕ್ಟರಿಗೂ ತಿಳಿಸಿ, ಒಂದೆರಡು ಹನಿ ನಾಲಿಗೆಯ ಕೆಳಗೆ ಬಿಟ್ಟುಕೊಳ್ಳತೊಡಗಿದ ಮೇಲೆ ಅವಳು ಮಲಗಿದಳು. ಮರುದಿನ ಬೆಳಗ್ಗೆ ಅಡುಗೆಮನೆಗೆ ಬಂದಾಗ ಅವಳ ಮುಖ ಒಗೆದು ಹರವಿದ ಬಟ್ಟೆಯ ಹಾಗಿತ್ತು. ಈಗ ಆ ಬಾಟಲಿಯನ್ನು ಓರೆ ಮಾಡಿದರಷ್ಟೇ ಎಣ್ಣೆ ಸಿಗುತ್ತದೆ. ಈ ನಾಲ್ಕೂ ಹೂ ಬಿಡದಿದ್ದರೆ ಚಳಿಗಾಲವಿಡೀ ಅವಳು ಹಾಸಿಗೆಯ ಅಂಚಿನಲ್ಲಿ ಪಕ್ಕೆ ಹಿಡಿದುಕೊಂಡು ಕೂತಿರುತ್ತಾಳೆ.

ಗಿಡಗಳು ಚೆನ್ನಾಗಿಲ್ಲ. ತುದಿಯಲ್ಲಿ ಹೊಸದಾಗಿ ಬರುವ ಎಲೆಗಳು ಹಳದಿ. ನರಗಳು ಮಾತ್ರ ಹಸಿರು, ಯಾರೋ ಪೆನ್ನಿನಿಂದ ಗೆರೆ ಎಳೆದಂತೆ. ಅದಕ್ಕೇ ಮೊನ್ನೆ ಬಸ್ಸು ಹತ್ತಿ ಪಾವ್ಲಾ ಪೇಟೆಗೆ ಹೋಗಿದ್ದೆ. ಅಲ್ಲಿ ಇಂಡ್ರಿ ಎನ್ನುವವನು ಅಕ್ವೇರಿಯಂ ಮೀನನ್ನೂ ಗಿಡಗಳ ಗೊಬ್ಬರದ ಬಾಟಲಿಗಳನ್ನೂ ಒಂದೇ ಅಂಗಡಿಯಲ್ಲಿ ಮಾರುತ್ತಾನೆ.

"ಏನ್ ತಂಗೀ, ಮೀನಿಗೋ ಸೊಪ್ಪಿಗೋ?" ಅಂಗಡಿ ತುಂಬ ಜನರಿದ್ದರೂ ಹೀಗೇ ಕೂಗಿ ಕೇಳುವುದು ಅವನ ಚಟ.

"ಸೊಪ್ಪಿಗೆ," ಎಂದೆ.

"ಏನು? ಕೇಳಿಸಲಿಲ್ಲ. ನನ್ನ ಮೀನುಗಳೇ ನಿನಗಿಂತ ಜೋರಾಗಿ ಮಾತಾಡ್ತಾವಪ್ಪ."

ಫೋನಿನಲ್ಲಿದ್ದ ಚಿತ್ರ ತೋರಿಸಿದೆ. ಅವನು ಕನ್ನಡಕವನ್ನು ಹಣೆಗೇರಿಸಿ ನೋಡಿದ. "ಹಸಿವು. ಎಲೆ ಹಳದಿ ಅಂದ್ರೆ ಹಸಿವು, ಮತ್ತಿನ್ನೇನಲ್ಲ. ನಿನ್ನ ಹಾಗೇ ಬಡಕಲು ಮಾಡಿದೀಯ ಅವನ್ನೂ. ಇದು ತಗೋ, ಒಂದು ಮುಚ್ಚಳ ಜಾಸ್ತಿ ಹಾಕು."

ಹಸಿವಾದರೆ ಹಳೆಯ ಎಲೆ ಮೊದಲು ಹಳದಿಯಾಗಬೇಕಲ್ಲವೇ, ಇಲ್ಲಿ ಹೊಸದು ಆಗುತ್ತಿದೆಯಲ್ಲ ಎಂದು ಕೇಳಬೇಕೆನಿಸಿತು. ಆದರೆ ಹಿಂದೆ ಒಬ್ಬಾಕೆ ಮೀನು ತುಂಬಿದ ಚೀಲ ಹಿಡಿದು ಕಾಯುತ್ತಿದ್ದಳು. ಬಾಟಲಿ ತಂದೆ, ಹಾಕಿದೆ. ನೀರಿನಲ್ಲಿ ಉಪ್ಪಿನಂಶ ಎಷ್ಟಿದೆ ಎಂದು ಅಳೆಯುವ ಪೆನ್ನಿನಂಥ ಮೀಟರು ಸರಸರ ಏರಿತು. ಎಲೆಗಳು ಹಸಿರಾಗಲಿಲ್ಲ, ಸಾಲದ್ದಕ್ಕೆ ತುದಿಗಳೂ ಕಂದು ಬಣ್ಣಕ್ಕೆ ತಿರುಗಿ, ಬೆಂಕಿಕಡ್ಡಿ ತಾಗಿಸಿದಂತೆ ಸುರುಟಿಕೊಂಡವು.

ಇವತ್ತು ಹನ್ನೊಂದರ ಹೊತ್ತಿಗೆ ಆ ಕೋಣೆಯಲ್ಲಿ ಗೋಡೆಗೊರಗಿ ಕೂತವಳಿಗೆ ಜೊಂಪು ಹತ್ತಿತು. ಬೇರುಗಳು ಬಕೆಟ್ಟಿನ ತಳ ದಾಟಿ, ಮೆಟ್ಟಿಲಿಳಿದು, ಅಂಗಳದ ಬಾವಿಯ ಬಾಯಿಗೆ ಇಣುಕುತ್ತಿದ್ದವು. ಬಾವಿಯೊಳಗೆ ನಮ್ಮ ಹಾವುಮೀನು ಅವುಗಳ ನಡುವೆ ಮೆಲ್ಲಗೆ ಸುತ್ತುತ್ತಿತ್ತು. ಸೊಳ್ಳೆಮರಿ ತಿನ್ನಲಿ ಎಂದು ಅಜ್ಜ ಬಿಟ್ಟ ಮೀನದು. ನಾನು ಅದನ್ನು ಎಚ್ಚರದಲ್ಲಿ ಎಂದೂ ಕಂಡಿಲ್ಲ; ಬಿಂದಿಗೆ ಬಿಟ್ಟಾಗ ನೀರು ತಾನಾಗಿ ಮಗ್ಗುಲು ಬದಲಿಸಿದಂತಾಗುತ್ತದೆ, ಅಷ್ಟೇ. ಕನಸಿನಲ್ಲಿ ಅದರ ಕಣ್ಣು ಕಂಡಿತು. ಕಣ್ಣಿನ ಮೇಲೆ ಬಿಳಿಯ ಪೊರೆ. ಬಾವಿಯ ತಳದಲ್ಲಿ ಹಿಟ್ಟಿನಂಥ ಬಿಳುಪು ಕೂತಿತ್ತು, ಮೀನು ಬಾಲ ಆಡಿಸಿದಾಗಲೆಲ್ಲ ಮೇಲಕ್ಕೆ ಎದ್ದೆದ್ದು ಬರುತ್ತಿತ್ತು.

ಎಚ್ಚರವಾಯಿತು. ಬಕೆಟ್ಟಿನ ನೀರನ್ನು ದಿನವೂ ಅನುಮಾನಿಸಿದ್ದೆ. ಹನಿ ಬಾಟಲಿಯನ್ನು, ಗೊಬ್ಬರವನ್ನು, ನನ್ನ ಕಣ್ಣನ್ನೂ ಅನುಮಾನಿಸಿದ್ದೆ. ಬಕೆಟ್ ತುಂಬಲು ನೀರು ಸೇದುವ ಬಾವಿಯನ್ನು ಮಾತ್ರ ಅನುಮಾನಿಸಿರಲಿಲ್ಲ. ಜೆಯ್ತುನ್ ಊರಿನ ನಮ್ಮ ಬೀದಿಯಲ್ಲಿ, ಕಡಲ ನೀರಿನ ಉಪ್ಪು ತೆಗೆದು ಬಿಡುವ ನಲ್ಲಿ ನೀರನ್ನು ಬೈಯುವುದುಂಟು, ಅದು ಸಮುದ್ರದ ಎಂಜಲು ಎಂದು. ತಾರಸಿಯಿಂದ ಇಳಿದ ಮಳೆ ತುಂಬುವ ಮನೆಯ ಬಾವಿಯನ್ನು ಯಾರೂ ಬೈಯುವುದಿಲ್ಲ. ಹೋದ ವರ್ಷ ಅದೇ ನೀರಿಗೆ ನಾಲ್ಕಾರು ಹನಿ ಹುಳಿ ಬಿಟ್ಟರೆ ವಾರವಿಡೀ ಹಳದಿಯಾಗಿ ನಿಲ್ಲುತ್ತಿತ್ತು.

ಈ ವರ್ಷ ಏನು ಬೇರೆಯಾಯಿತು ಎಂದು ಕೇಳಿಕೊಂಡೊಡನೆ ಅತ್ತೆ ಕುಂಚ ಹಿಡಿದು ನಿಂತದ್ದು ಕಣ್ಣ ಮುಂದೆ ಬಂತು.

ಬೇಸಿಗೆ ಮುಗಿಯುವ ಹೊತ್ತಿಗೆ ಅವಳು ತಾರಸಿಗೆಲ್ಲ ಸುಣ್ಣ ಬಳಿದಿದ್ದಳು. ಈಗ ಬೇರೆ ಮನೆಗಳವರು ತಾರಸಿ ಸೋರದಿರಲೆಂದು ರಬ್ಬರಿನಂಥ ಬಣ್ಣ ಬಳಿಸುತ್ತಾರೆ, ಇಲ್ಲವೇ ಕಪ್ಪು ಹಾಳೆ ಹಾಸುತ್ತಾರೆ. ಅತ್ತೆಗೆ ಅದು ಸೇರದು.

"ಪಾವ್ಲೀನಾ, ಇನ್ನೂ ಸುಣ್ಣಾನೇನೇ?" ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಲೊನ್ಸಾ ಕೇಳಿದ್ದಳು. "ಪಕ್ಕೆ ನೋವು ಅಂತೀಯ, ಕೋಲು ಹಿಡಿದು ಕುಣೀತೀಯ."

"ನಿನ್ನ ತಾರಸಿ ರಸ್ತೆ ಥರಾ ಇದೆ ಕಣೇ. ಯಾವತ್ತೋ ಬಸ್ಸು ಬಂದು ನಿಲ್ಲುತ್ತೆ. ನಂದು ನೋಡು, ಮದುಮಗಳು."

"ಮದುಮಗಳು ಮಳೆ ಬಂದ್ರೆ ಮುಖ ತೊಳ್ಕೋತಾಳೆ. ಮೊದಲ ನೀರು ಬೀದಿಗೆ ಬಿಡು, ನಿಮ್ಮಪ್ಪ ಬಿಡ್ತಿದ್ದ ಹಾಗೆ."

ಅದು ಇಲ್ಲಿನ ರೂಢಿ. ತಾರಸಿಯಿಂದ ಇಳಿಯುವ ಕೊಳವೆಯ ತುದಿಯಲ್ಲಿ ಒಂದು ಬಾಗಿದ ತುಂಡಿದೆ. ಒಂದು ಕಡೆ ತಿರುಗಿಸಿದರೆ ನೀರು ಬಾವಿಗೆ, ಇನ್ನೊಂದು ಕಡೆ ತಿರುಗಿಸಿದರೆ ಬೀದಿಗೆ. ಮೊದಲ ಮಳೆ ಧೂಳನ್ನೂ ಸುಣ್ಣವನ್ನೂ ಪಾರಿವಾಳದ ಹಿಕ್ಕೆಯನ್ನೂ ತೊಳೆದು ಬೀದಿಗೆ ಹೋಗಬೇಕು, ಆಮೇಲಿನದು ಬಾವಿಗೆ ಬರಬೇಕು. ಅತ್ತೆಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಆದರೆ ಮೊದಲ ಮಳೆ ಬಂದ ಮಧ್ಯಾಹ್ನ ಅವಳು ಅಂಗಳಕ್ಕೆ ಓಡಿ ಕೊಳವೆಯನ್ನು ಬಾವಿಗೇ ತಿರುಗಿಸಿದಳು. ನಾನು ಬಾಗಿಲಲ್ಲೇ ನಿಂತಿದ್ದೆ.

"ಬಾವಿ ತಳ ಕಂಡಿದೆ ರಿತಿ. ಇಷ್ಟೊಂದು ನೀರು ಬೀದಿಗೆ ಬಿಟ್ಟು, ಹುಡುಗೀರಿಗೆ ನಲ್ಲೀದು ಕುಡಿಸೋದಾ? ನನಗೆ ನಿದ್ದೆ ಕೊಟ್ಟೋರು ಅವರು." ಒದ್ದೆ ತಲೆಯಲ್ಲೇ ಬಾವಿಕಟ್ಟೆಗೆ ಕಿವಿಯಿಟ್ಟು, ನೀರು ಬೀಳುವ ಸದ್ದು ಕೇಳುತ್ತ ಕೂತಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಕಂಡದ್ದು ಕಡಿಮೆ.

ಇದೆಲ್ಲ ನೆನಪಾಗಿ, ಹನಿ ಬಾಟಲಿಯನ್ನೂ ನಳಿಗೆಗಳನ್ನೂ ಹಿಡಿದು ಅಂಗಳಕ್ಕೆ ಇಳಿದೆ. ಬಿಂದಿಗೆಯಲ್ಲಿ ಬಾವಿಯ ನೀರು ಸೇದಿದೆ. ಹುಳಿ ಸೋಕದ, ಗೊಬ್ಬರ ಕಾಣದ ನೀರು. ಹನಿ ಬಿಟ್ಟ ಕೂಡಲೇ ನಳಿಗೆ ಕಡುನೀಲಿಯಾಯಿತು, ಬದನೆಕಾಯಿಯ ಸಿಪ್ಪೆಯಷ್ಟು ಕಡು. ಕೇಪರ್ ಗಿಡದ ಕುಂಡದ ಪಕ್ಕ ಒಂದು ಪಿಂಗಾಣಿ ತಟ್ಟೆ ಅನಾಥವಾಗಿ ಬಿದ್ದಿತ್ತು. ನಿನ್ನೆಯ ತುಂತುರು ಅದರಲ್ಲಿ ಒಂದಿಷ್ಟು ನಿಂತಿತ್ತು. ಅದನ್ನು ಇನ್ನೊಂದು ನಳಿಗೆಗೆ ಸುರಿದು ಹನಿ ಬಿಟ್ಟೆ. ಹಳದಿ. ತಿಳಿ ಚಹದಂಥ ಹಳದಿ. ಎರಡೂ ಆಕಾಶದಿಂದಲೇ ಬಿದ್ದ ನೀರು. ಎರಡರ ನಡುವೆ ಇದ್ದದ್ದು ನಮ್ಮ ತಾರಸಿಯೊಂದೇ.

ಎರಡು ನಳಿಗೆಗಳನ್ನೂ ಒಂದೇ ಕೈಯಲ್ಲಿ ಹಿಡಿದುಕೊಂಡು ಬಾವಿಕಟ್ಟೆಯ ಮೇಲೆ ಕೂತೆ. ಎಲ್ಲವೂ ತಾನಾಗಿ ಹೊಂದಿಕೊಂಡಿತು. ಸಂಜೆ ನಾನು ಹಾಕುವ ಹುಳಿಯನ್ನು ನೀರಿನಲ್ಲಿ ಕರಗಿದ ಸುಣ್ಣ ಬೆಳಗಾಗುವುದರೊಳಗೆ ತಿಂದು ಮುಗಿಸುತ್ತಿದೆ. ನೀರು ಕ್ಷಾರವಾದಾಗ ಕಬ್ಬಿಣದಂಶ ಬೇರಿಗೆ ದಕ್ಕದೆ ನೀರಿನಲ್ಲೇ ಉಳಿಯುತ್ತದೆ. ಹೊಸ ಎಲೆ ಹಳದಿಯಾಗುವುದು ಅದಕ್ಕೇ. ಹುಡುಗಿಯರು ಹಸಿದಿರಲಿಲ್ಲ. ತುಂಬಿದ ತಟ್ಟೆಯ ಮುಂದೆ ಬಾಯಿ ಕಟ್ಟಿಕೊಂಡು ಕೂತಿದ್ದರು. ನಾನು ತಟ್ಟೆಗೆ ಇನ್ನೂ ಬಡಿಸುತ್ತಿದ್ದೆ.

ತಾರಸಿಯಿಂದ ಸರಕ್ ಸರಕ್ ಎಂದು ಸದ್ದು ಬಂತು. ಮೇಲೆ ಹೋದರೆ ಅತ್ತೆ ತಗಡಿನ ಡಬ್ಬದಲ್ಲಿ ಸುಣ್ಣ ಕಲಕುತ್ತಿದ್ದಳು. ಎಡಗೈ ಪಕ್ಕೆಯ ಮೇಲಿತ್ತು. ಬಿಸಿಲು ಕಣ್ಣು ಚುಚ್ಚುವಂತಿತ್ತು, ಆದರೆ ಮಾರ್ಸಶ್ಲೋಕ್ ಕೊಲ್ಲಿಯ ಕಡೆ ಮೋಡ ಕಪ್ಪಗೆ ಎದ್ದು ನಿಂತಿತ್ತು.

"ಬಂದ್ಯಾ? ಆ ಕುಂಚ ಕೊಡು. ಹೋದ ಮಳೆ ಮದುಮಗಳ ಮುಖ ಪೂರ್ತಿ ತೊಳೆದುಬಿಟ್ಟಿದೆ. ಮಳೆ ಬರೋದರೊಳಗೆ ಇನ್ನೊಂದು ಕೈ ಹೊಡೀತೀನಿ. ಕೊಳವೇನೂ ತಿರುಗಿಸಿಟ್ಟು ಬಂದಿದೀನಿ, ಬಾವಿ ಕಡೆಗೆ. ಈ ಸಲ ಕತ್ತಿನವರೆಗೂ ತುಂಬುತ್ತೆ ನೋಡು."

ನಾನು ಕುಂಚ ತಂದೆ. ಕೊಡಲಿಲ್ಲ. ಬಾಯಿ ತೆರೆಯದೆ ದಾಟಿಹೋಗುವ ದಾರಿಗಳನ್ನು ಹುಡುಕುವುದರಲ್ಲಿ ನನ್ನಷ್ಟು ಚುರುಕು ಇನ್ನೊಬ್ಬರಿಲ್ಲ. ಮೆಲ್ಲಗೆ ಇಳಿದು ಕೊಳವೆಯನ್ನು ಬೀದಿಗೆ ತಿರುಗಿಸಿಬಿಡಬಹುದು. ಆದರೆ ಮಳೆ ಶುರುವಾದ ಕೂಡಲೇ ಅವಳು ಬಾವಿಗೆ ಕಿವಿಯಿಡುತ್ತಾಳೆ, ಸದ್ದಿಲ್ಲವೆಂದು ಗೊತ್ತಾಗುತ್ತದೆ, ತಾನೇ ಓಡಿಹೋಗಿ ತಿರುಗಿಸುತ್ತಾಳೆ. ಅಂಗಡಿಯಿಂದ ಬಾಟಲಿ ನೀರು ತಂದು ಗುಟ್ಟಾಗಿ ಬಕೆಟ್ ತುಂಬಬಹುದು. ಒಂದು ವಾರ, ಎರಡು ವಾರ. ಆಮೇಲೆ? ಈ ಹಸಿ ಸುಣ್ಣ ಒಮ್ಮೆ ಬಾವಿಗಿಳಿದರೆ ಚಳಿಗಾಲದ ನೀರೆಲ್ಲ ಹೋದಂತೆಯೇ.

"ಯಾಕೇ ಹಾಗೆ ನಿಂತೆ? ದೆವ್ವ ನೋಡಿದೋಳ ಹಾಗೆ."

ಅವಳ ಹುಬ್ಬಿನ ಮೇಲೆ ಸುಣ್ಣದ ಒಂದು ಹನಿ ಒಣಗಿತ್ತು. ಪಕ್ಕೆಯುರಿ ಕಚ್ಚಿಹಿಡಿದು ಈ ಬಿಸಿಲಲ್ಲಿ ನನಗಾಗಿ, ನನ್ನ ಗಿಡಗಳಿಗಾಗಿ ಬಗ್ಗಿದ್ದಾಳೆ. ಬಾಗಿಲಲ್ಲಿ ನಿಂತು ನೋಡಿದ ಆ ಸಂತೋಷವನ್ನು ನಾನೇ ಅವಳ ಕೈಯಿಂದ ಕಿತ್ತುಕೊಳ್ಳಬೇಕು. ದೂರದಲ್ಲಿ ಗುಡುಗಿತು. ಪಕ್ಕದ ತಾರಸಿಯಲ್ಲಿ ಲೊನ್ಸಾ ಬಟ್ಟೆಗಳನ್ನು ಬಾಚಿ ತೋಳಿಗೇರಿಸಿಕೊಳ್ಳುತ್ತ ನಮ್ಮತ್ತ ನೋಡಿದಳು.

"ರಿತಿ, ಏನಾಯ್ತು ಮಗಾ? ಹುಡುಗೀರಿಗೆ ಏನಾದ್ರೂ ಆಯ್ತಾ?"

"ಸಾಯ್ತಾ ಇದಾರೆ ಅತ್ತೆ," ಎಂದೆ, ಲೊನ್ಸಾಳ ತಾರಸಿಗೂ ಕೇಳುವಷ್ಟು ಜೋರಾಗಿ. "ನೀನು ಬಾವಿಗೆ ಬಿಟ್ಟ ಸುಣ್ಣದ ನೀರಿಂದ."